ಗೋಪುರ ಜೀಕಿದ ಪಂಚಮಿ

ನಮ್ಮ ಗೋಪುರದ ಮೇಲಿನ ಮಹಡಿಗಳಲ್ಲಿ ಮಜ್ಜಿಗೆ ಕಡೆಯಲು ಕಡಗೋಲು ಬೇಕಾಗಿಲ್ಲ ಎಂಬುದು ಕೆಳಗಿನವರ ಹಳೆಯ ಚೇಷ್ಟೆ. ಆಷಾಢದ ಗಾಳಿಗೆ ಮೊಸರಿನ ಗಡಿಗೆಯನ್ನು ಕಟ್ಟೆಯ ಮೇಲೆ ಇಟ್ಟರೆ ಸಾಕು, ಸಂಜೆಗೆ ಬೆಣ್ಣೆ ತಾನಾಗಿ ತೇಲುತ್ತದಂತೆ. ನಗಲಿ ಬಿಡಿ. ಅವರ ಮನೆಗಳು ನೆಲಕ್ಕೆ ಹತ್ತಿರ, ಅವರ ಗಡಿಗೆ ಅಲುಗುವುದಿಲ್ಲ. ನಮ್ಮದು ಮೂವತ್ತೆಂಟನೆಯ ಮಹಡಿ. ಊರು ಕಳೆದುಕೊಂಡು ಬಂದವರಿಗೆಲ್ಲ ಮೇಲೆಯೇ ಮನೆ ಕೊಟ್ಟರು. ಕಿಟಕಿಯಿಂದ ನೋಟ ಚೆನ್ನಾಗಿರುತ್ತದೆ ಎಂದು ಹೇಳಿದರು.

ಕಟ್ಟಡವೇ ಗಾಳಿಯಿಂದ ವಿದ್ಯುತ್ತು ತೆಗೆಯುವ ಯಂತ್ರವಾದರೆ ಹೇಗೆ ಎಂದು ಯಾರಿಗೋ ಹೊಳೆದ ಕಾಲದಲ್ಲೇ ನಮ್ಮ ಹುಣಸಿದಿನ್ನಿ ಹಿನ್ನೀರಿನಲ್ಲಿ ಮುಳುಗಿತು. ನಮಗೆ ಮನೆ ಬೇಕಿತ್ತು. ಪವನಧಾರಾ ಸಂಸ್ಥೆಗೆ ಬಟಾಬಯಲಿನಲ್ಲಿ ಒಂದು ಎತ್ತರದ ಗೋಪುರ ಬೇಕಿತ್ತು. ಸರ್ಕಾರ ಇಬ್ಬರಿಗೂ ಗಂಟು ಹಾಕಿತು.

ಎತ್ತರದ ಕಟ್ಟಡ ಯಾವುದಾದರೂ ಗಾಳಿಗೆ ತೂಗುತ್ತದೆ. ಅದನ್ನು ಅಡಗಿಸಲು ತುದಿಯಲ್ಲೊಂದು ಭಾರೀ ಕಬ್ಬಿಣದ ಗುಂಡನ್ನು ನೇತುಹಾಕುತ್ತಾರೆ. ಕಟ್ಟಡ ಈಚೆ ವಾಲಿದರೆ ಗುಂಡು ಆಚೆ ಉಳಿದು ಅದನ್ನು ಎಳೆಯುತ್ತದೆ. ಗುಂಡಿಗೆ ಸುತ್ತಲೂ ಉದ್ದನೆಯ ಕೈಗಳಿವೆ. ಕೆಲವು ಕೈಗಳಲ್ಲಿ ಎಣ್ಣೆ ತುಂಬಿರುತ್ತದೆ. ಗುಂಡಿನ ಓಡಾಟವನ್ನು ಎಣ್ಣೆ ನುಂಗಿ, ಬಿಸಿಯಾಗಿ, ಸುಮ್ಮನಾಗಿಸುತ್ತದೆ. ಪವನಧಾರಾದವರು ಉಳಿದ ಕೈಗಳಲ್ಲಿ ಎಣ್ಣೆಯ ಬದಲು ಅಯಸ್ಕಾಂತ, ತಂತಿಸುರುಳಿ ಇಟ್ಟಿದ್ದರು. ತೂಗಾಟದ ಒಂದು ಪಾಲು ಎಣ್ಣೆಗೆ, ಒಂದು ಪಾಲು ವಿದ್ಯುತ್ತಿಗೆ. ನಮ್ಮವರು ಆ ಗುಂಡಿಗೆ ರುಬ್ಬುಗುಂಡು ಎಂದೇ ಹೆಸರಿಟ್ಟರು. ಮೊದಲೆರಡು ವರ್ಷ ಗೋಪುರದ ಮೇಲೆ ಯಾರ ಮಜ್ಜಿಗೆಯೂ ಅಲುಗಲಿಲ್ಲ.

ಮೂರನೆಯ ವರ್ಷದಿಂದ ನನ್ನ ಅತ್ತೆ ಗುರುಬಸವ್ವನ ತಲೆ ತಿರುಗಲು ಶುರುವಾಯಿತು.

ಮೊದಮೊದಲು ಪಿತ್ತ ಎಂದುಕೊಂಡು ಜೀರಿಗೆ ಕಷಾಯ ಕುಡಿದಳು. ಆಮೇಲೆ ರೊಟ್ಟಿ ತಟ್ಟುತ್ತಿದ್ದವಳು ತಟ್ಟುವುದನ್ನು ಬಿಟ್ಟು ಗೋಡೆ ಹಿಡಿದು ಕೂರತೊಡಗಿದಳು. ತಿಂದದ್ದು ನಿಲ್ಲುತ್ತಿರಲಿಲ್ಲ. ಹೊಲದಲ್ಲಿ ಗಂಡಾಳಿನ ಸಮ ಕಳೆ ತೆಗೆದ ಹೆಂಗಸು ಬಚ್ಚಲಿಗೆ ಹೋಗಲು ನನ್ನ ಭುಜ ಹಿಡಿಯುವಂತಾದಳು. ಅವಳೊಬ್ಬಳೇ ಅಲ್ಲ, ಮೇಲಿನ ಮಹಡಿಗಳಲ್ಲಿ ಮನೆಗೊಬ್ಬರು ಹೀಗೇ ಹಾಸಿಗೆ ಹಿಡಿದಿದ್ದರು. ಸಂಸ್ಥೆಯ ವೈದ್ಯರು ಬಂದು ನೋಡಿ, ಎತ್ತರ ಒಗ್ಗದವರು ಎಂದು ತೀರ್ಮಾನಿಸಿದರು. ಹಳ್ಳಿಯವರಿಗೆ ಎತ್ತರವೆಂದರೆ ಮನಸ್ಸಿನಲ್ಲೇ ಭಯವಂತೆ. ಹಾಗೆ ತೀರ್ಮಾನವಾದವರನ್ನು ಹೆದ್ದಾರಿಯಾಚೆಯ ತಗಡಿನ ಷೆಡ್ಡುಗಳಿಗೆ ಕಳಿಸುತ್ತಿದ್ದರು. ಅವರನ್ನು ಮಾತ್ರ, ಮನೆಯವರನ್ನಲ್ಲ. ಶ್ರಾವಣದಲ್ಲಿ ಗೋಪುರದ ಸರ್ಕಾರಿ ತಪಾಸಣೆ ಮುಗಿದ ಮೇಲೆ ಅತ್ತೆಯನ್ನೂ ಸಾಗಿಸುತ್ತೇವೆ ಎಂದು ನಮಗೆ ತಿಳಿಸಿದರು.

ಅತ್ತೆ ಗೋಡೆಗೆ ಒರಗಿಯೇ ಉತ್ತರ ಕೊಟ್ಟಳು. "ಒಮ್ಮಿ ನೀರಿಗಿ ಊರು ಬಿಟ್ಟೀನಿ. ಇನ್ನೊಮ್ಮಿ ಗಾಳಿಗಿ ಮನಿ ಬಿಡಂಗಿಲ್ಲ. ಹೋಗಿ ಹೇಳವಾ ದಾಕ್ಷಾಣಿ, ನಿಮ್ಮ ಕಟ್ಟಡಕ್ಕ ತಲಿ ತಿರಗಾಕತ್ತೈತಿ, ನಮ್ಮತ್ತಿಗಲ್ಲ ಅಂತ."

ಹೇಳಬೇಕಾದ ಜಾಗಕ್ಕೇ ನಾನು ದಿನಾ ಹೋಗುತ್ತಿದ್ದೆ. ಭೌತಶಾಸ್ತ್ರ ಓದಿದವಳೆಂದು ಸಂಸ್ಥೆ ನನಗೆ ನೆಲಮಾಳಿಗೆಯ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಕೊಟ್ಟಿತ್ತು. ಅಲ್ಲಿ ಎಲ್ಲವೂ ಸ್ತಬ್ಧ. ಚಹಾದ ಲೋಟದಲ್ಲಿ ಒಂದು ಅಲೆ ಏಳದು. ಎದುರಿನ ಪರದೆಯ ಮೇಲೆ ಮಾತ್ರ ಗೋಪುರದ ತೂಗಾಟ ಹಸಿರು ಗೆರೆಯಾಗಿ ಏರುತ್ತ ಇಳಿಯುತ್ತ ಸಾಗುತ್ತದೆ. ನನಗೆ ಈ ಚಲನೆಯ ಮೇಲೆ ಕಾಲೇಜಿನ ದಿನಗಳಿಂದಲೂ ಒಂದು ಬಗೆಯ ಪ್ರೀತಿ. ಇಷ್ಟು ಹಟಮಾರಿ ಚಲನೆ ಇನ್ನೊಂದಿಲ್ಲ. ನಡುವಿನಿಂದ ಎಷ್ಟು ದೂರಕ್ಕೆ ತಳ್ಳುತ್ತೀರೋ ಅಷ್ಟೇ ಜೋರಾಗಿ ನಡುವಿಗೆ ಮರಳುತ್ತದೆ. ನಡುವಿಗೆ ಬಂದಾಗ ಅದರ ವೇಗ ಎಲ್ಲಕ್ಕಿಂತ ಹೆಚ್ಚಿರುವುದರಿಂದ ಅಲ್ಲಿ ನಿಲ್ಲಲಾಗದೆ ಆಚೆಗೆ ಹೋಗಿಬಿಡುತ್ತದೆ. ಮತ್ತೆ ಮರಳುತ್ತದೆ. ಸ್ವಲ್ಪ ತಳ್ಳಿದರೂ ಜೋರಾಗಿ ತಳ್ಳಿದರೂ ಒಮ್ಮೆ ಹೋಗಿ ಬರಲು ಹಿಡಿಯುವ ಹೊತ್ತು ಅಷ್ಟೇ. ನಮ್ಮ ಗೋಪುರಕ್ಕೆ ಅದು ಸುಮಾರು ಐದು ಸೆಕೆಂಡು.

ಆ ಆಷಾಢದಲ್ಲಿ ಗೆರೆಯ ಆಕಾರ ನೋಡಿ ನನಗೆ ಅನುಮಾನ ಬಂತು. ಗಾಳಿ ಜೋರಾದಾಗ ಅಲೆಯ ನೆತ್ತಿ ದುಂಡಗಿರಬೇಕು. ಇಲ್ಲಿ ಯಾರೋ ಕತ್ತರಿ ಹಾಕಿದಂತೆ ಚಪ್ಪಟೆಯಾಗಿತ್ತು. ಮಿತಿ ಮೀರಿದ ತೂಗಾಟವನ್ನು ಪರದೆ ತೋರಿಸದಂತೆ ಮಾಡಿದ್ದರು. ಅದಕ್ಕಿಂತ ಕೆಟ್ಟದ್ದು ಗಾಳಿ ನಿಂತ ಮೇಲೆ ಕಾಣುತ್ತಿತ್ತು. ಅಲೆ ಸಣ್ಣದಾಗುತ್ತ ಆಗುತ್ತ ಹೆಚ್ಚುಕಡಿಮೆ ಅಡಗುತ್ತಿತ್ತು. ಆಮೇಲೆ ಯಾರೂ ತಳ್ಳದೆ, ಎಲೆ ಅಲುಗದ ಹವೆಯಲ್ಲಿ, ಮತ್ತೆ ದೊಡ್ಡದಾಗುತ್ತಿತ್ತು.

ಇದು ದೆವ್ವದ ಕೆಲಸವಲ್ಲ. ಗೋಪುರ ತನ್ನ ತೂಗಾಟವನ್ನು ಗುಂಡಿಗೆ ಕೊಡುತ್ತದೆ. ಗೋಪುರ ನಿಲ್ಲುತ್ತದೆ, ಗುಂಡು ಓಡಾಡುತ್ತದೆ. ಆ ಓಡಾಟವನ್ನು ನುಂಗಲು ಎಣ್ಣೆ ಇದ್ದರೆ ಕಥೆ ಅಲ್ಲಿಗೆ ಮುಗಿಯಿತು. ಎಣ್ಣೆ ಇಲ್ಲದಿದ್ದರೆ ಗುಂಡು ಪಡೆದದ್ದನ್ನು ಗೋಪುರಕ್ಕೆ ವಾಪಸು ಕೊಡುತ್ತದೆ. ಹೀಗೆ ಅತ್ತಿಂದಿತ್ತ ಕೊಡುತ್ತ ತೆಗೆದುಕೊಳ್ಳುತ್ತ, ಸುರುಳಿಗಳು ನಿಧಾನಕ್ಕೆ ಹೀರಿ ಮುಗಿಸುವ ತನಕ ನಡೆಯುತ್ತಲೇ ಇರುತ್ತದೆ. ಅಂದರೆ ನಮ್ಮ ಪಾಲಿನ ಎಣ್ಣೆಯನ್ನು ಬಸಿದುಬಿಟ್ಟಿದ್ದರು. ಗಾಳಿ ಕೊಡುವುದು ಮೊದಲಿನಷ್ಟೇ. ಎಣ್ಣೆ ತಿನ್ನುತ್ತಿದ್ದ ಪಾಲನ್ನೂ ವಿದ್ಯುತ್ತಿಗೆ ಎಳೆದುಕೊಳ್ಳುವ ಆಸೆ. ನಡುವೆ ನಮ್ಮ ಅತ್ತೆಯ ಹೊಟ್ಟೆ ತೊಳಸಿದರೆ ಅವರಿಗೇನು?

ವ್ಯವಸ್ಥಾಪಕ ಸುಧೀಂದ್ರ ಕಟ್ಟಿಮನಿ ಅವರ ಮೇಜಿನ ಮುಂದೆ ನಿಂತು ಇದನ್ನೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕುರ್ಚಿ ತೋರಿಸಿ ಚಹಾ ತರಿಸಿದರು.

"ನೋಡ್ರಿ ದಾಕ್ಷಾಯಣಿ ಬಾಯಾರ, ಗುಂಡಿನ ಕೋಣಿಗಿ ಮೊಹರು ಹಾಕೇತಿ. ತಪಾಸಣಿ ಮಾಡೋವ್ರ ಅಳತ್ಯಾಗ ಮಿತಿ ಮೀರಿದ್ರ ಮಾತ್ರ ಅದನ್ನ ತಗೀಬೇಕು, ಇದು ಸರ್ಕಾರದ್ದ ನಿಯಮ. ಇಷ್ಟು ವರ್ಷದಾಗ ಒಮ್ಮಿನೂ ಮೀರಿಲ್ಲ."

"ಹೆಂಗ ಮೀರ್ತದ್ರಿ? ನೀವು ಹವಾ ನೋಡಿ, ಗಾಳಿ ಇಲ್ಲದ ದಿನಾನ ಅವ್ರನ್ನ ಕರಸ್ತೀರಿ."

"ಹಂಗಾರ ನೀವ ಗಾಳಿ ಕರಕೊಂಡು ಬರ್ರಿ," ಎಂದು ಅವರು ನಕ್ಕರು. "ಶ್ರಾವಣದಾಗ, ನಾಗರಪಂಚಮಿ ದಿನ, ತಪಾಸಣಿಗಿ ಮುಲ್ಲಾ ಮೇಡಂ ಬರ್ತಾರ. ನಿಮ್ಮ ಗಾಳಿಗಿ ಹೇಳಿ ಇಡ್ರಿ, ಅವತ್ತ ಬಾ ಅಂತ."

ಚಹಾ ಕುಡಿಯದೆ ಎದ್ದು ಬಂದೆ. ಲಿಫ್ಟಿನಲ್ಲಿ ಮೇಲೆ ಹೋಗುವಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಮನೆಗೆ ನಾದಿನಿ ಇಂದ್ರವ್ವ ಬಂದಿದ್ದಳು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕಲ್ಲ, ಊರು ಮುಳುಗಿದ್ದರೂ ತವರು ಮುಳುಗುವುದಿಲ್ಲ. ಮೇಲಿನ ಮಹಡಿಗಳ ಮನೆಮನೆಗೂ ಮಗಳು ಬಂದಿದ್ದಳು. ಎಲ್ಲೆಲ್ಲೂ ಶೇಂಗಾ ಹುರಿದ ವಾಸನೆ, ಜೋಳದ ಅಳ್ಳು ಸಿಡಿಯುವ ಸದ್ದು. ಇಂದ್ರವ್ವ ನೆಲದ ಮೇಲೆ ಕೂತು ಬೆಲ್ಲದ ಪಾಕಕ್ಕೆ ಎಳ್ಳು ಹಾಕಿ ಉಂಡಿ ಕಟ್ಟುತ್ತಿದ್ದಳು. ಅತ್ತೆ ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿದ್ದಳು.

ತಪಾಸಣೆಯ ದಿನ ಗೊತ್ತಾಗಿದೆ, ಪಂಚಮಿಯ ದಿನವೇ ಬರುತ್ತಾರೆ ಎಂದೆ. ಆ ದಿನ ಗಾಳಿ ಇಲ್ಲವಂತೆ ಎಂದೂ ಹೇಳಿದೆ.

ಅತ್ತೆ ಕಣ್ಣು ತೆರೆಯಲಿಲ್ಲ. "ಹಂಗಾರ ಅದ ನನ್ನ ಕಡೀ ಪಂಚಮಿ ಇಲ್ಲೆ. ಒಂದು ಕೆಲಸ ಮಾಡ್ರಿ. ಆ ಖಾಲಿ ಮಹಡ್ಯಾಗ ಜೋಕಾಲಿ ಕಟ್ರಿ. ಊರಾಗ ಹುಣಸೀಮರಕ್ಕ ಕಟ್ಟತಿದ್ದಿವಿ ನೋಡು, ಅಷ್ಟ ಉದ್ದಂದು. ಅವ್ರು ಬ್ಯಾಡ ಅಂದ್ರೂ ಕಟ್ರಿ. ನಾ ಜೀಕಾಕ ಆಗದಿದ್ರೂ ನೋಡಿ ಹೋಗ್ತೀನಿ."

ಬೆಂಕಿ ಬಿದ್ದರೆ ಜನ ಓಡಿಬಂದು ನಿಲ್ಲಲಿ ಎಂದು ಮೂವತ್ತೈದನೆಯ ಮಹಡಿಯನ್ನು ಗೋಡೆಯಿಲ್ಲದೆ ಬಿಟ್ಟಿದ್ದಾರೆ. ಮೂರು ಮನೆಗಳಷ್ಟು ಎತ್ತರದ ಹಜಾರ, ಮೇಲೆ ಸಾಲಾಗಿ ಉಕ್ಕಿನ ತೊಲೆಗಳು. ಹುಣಸೆಮರದ ಜೋಕಾಲಿಯಷ್ಟು ಉದ್ದದ ಹಗ್ಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಾನು ಸುಮ್ಮನೆ ಲೆಕ್ಕ ಹಾಕಿದೆ. ಐದು ಸೆಕೆಂಡಿನ ಹತ್ತಿರ ಬಂತು.

ನಾನು ಎದ್ದು ನಿಂತೆ. "ಗಾಳಿ ಬ್ಯಾಡ್ರೀ ಅತ್ತಿ," ಎಂದೆ. "ಗೋಪುರಾನ ನಾವ ಜೀಕೂನು."

ಇಂದ್ರವ್ವ ಕೈಯಲ್ಲಿದ್ದ ಉಂಡಿ ಹಿಡಿದುಕೊಂಡೇ ನನ್ನನ್ನು ನೋಡಿದಳು. "ವೈನಿ, ನಿಮಗೂ ತಲಿ ತಿರಗಾಕತ್ತು ನೋಡ್ರಿ."

ಜೋಕಾಲಿ ಜೀಕಿದವರಿಗೆ ಇದು ಅರ್ಥವಾಗದ ಮಾತಲ್ಲ. ಪಂಚಮಿ ಜೋಕಾಲಿಯಲ್ಲಿ ಇಬ್ಬರು ಮಣೆಯ ಮೇಲೆ ಎದುರುಬದುರು ನಿಂತು ಸರದಿಯಂತೆ ಕುಕ್ಕರಿಸಿ ಏಳುತ್ತಾರೆ. ಯಾರೂ ಹೊರಗಿನಿಂದ ತಳ್ಳುವುದಿಲ್ಲ. ಸರಿಯಾದ ಹೊತ್ತಿಗೆ ಕೊಟ್ಟ ಸಣ್ಣ ಜೀಕು ಹಿಂದಿನ ಜೀಕಿನ ಮೇಲೆ ಕೂಡುತ್ತ ಹೋಗಿ ಇಬ್ಬರನ್ನೂ ಆಕಾಶಕ್ಕೆ ಏರಿಸುತ್ತದೆ. ಹೊತ್ತು ತಪ್ಪಿದ ಜೀಕು ಎಷ್ಟೇ ಜೋರಿದ್ದರೂ ವ್ಯರ್ಥ. ಗೋಪುರವೂ ಒಂದು ಜೋಕಾಲಿಯೇ, ಬುಡ ನೆಲದಲ್ಲಿ ಹೂತು ತಲೆಕೆಳಗಾಗಿ ನಿಂತದ್ದು. ಅದರ ಹೊತ್ತಿಗೆ ಸರಿಯಾಗಿ ನಮ್ಮ ಜೋಕಾಲಿಗಳು ಓಡಾಡಿದರೆ, ಪ್ರತಿ ಸಲವೂ ತೊಲೆಯನ್ನು ಒಂದಿಷ್ಟು ಎಳೆಯುತ್ತವೆ. ಎಳೆತ ಕೂಡುತ್ತ ಹೋಗುತ್ತದೆ. ಎಣ್ಣೆ ತುಂಬಿದ ಕೈಗಳಿದ್ದರೆ ಅದನ್ನು ಆಗಿಂದಾಗ ನುಂಗಿಬಿಡುತ್ತವೆ, ಗೋಪುರ ಅಲುಗುವುದಿಲ್ಲ. ಕೈಗಳು ಖಾಲಿ ಇದ್ದರೆ ಮಾತ್ರ ಅಲುಗುತ್ತದೆ. ಇದರಿಂದ ಗೋಪುರಕ್ಕೇನೂ ಕೇಡಿಲ್ಲ, ಆಷಾಢದ ಒಂದು ಬಿರುಗಾಳಿಯಷ್ಟು ಬಲವೂ ನಮ್ಮ ಜೀಕಿಗಿಲ್ಲ. ಆದರೆ ಮುಲ್ಲಾ ಮೇಡಂ ಅವರ ಅಳತೆಗೆ ಸಿಕ್ಕಿದರೆ ಸಾಕಲ್ಲ.

ಪಂಚಮಿಯ ಹಿಂದಿನ ದಿನ ಹೆಂಗಸರೆಲ್ಲ ಹಜಾರದಲ್ಲಿ ಸೇರಿದರು. ತೊಲೆಗಳಿಗೆ ಏಣಿ ಹಾಕಿ ಎರಡು ಸಾಲಿನಲ್ಲಿ ಹಗ್ಗ ಕಟ್ಟಿದೆವು. ನಿಂತವರ ಭಾರ ಸೊಂಟದ ಹತ್ತಿರ ಇರುವುದರಿಂದ ಹಗ್ಗವನ್ನು ಅಷ್ಟರಮಟ್ಟಿಗೆ ಇಳಿಬಿಡಿಸಿದೆ. ಎಲ್ಲ ಹಗ್ಗವೂ ಒಂದೇ ಉದ್ದ ಎಂದಾಗ ದೊಡ್ಡ ತಕರಾರು ಎದ್ದಿತು. ದಪ್ಪನೆಯವರ ಜೋಕಾಲಿ ಬೇರೆ, ಸಣಕಲರದು ಬೇರೆ ಅಲ್ಲವೇ ಎಂದರು. ಹೊತ್ತು ಹಗ್ಗದ ಉದ್ದದ್ದು, ತೂಕದ್ದಲ್ಲ ಎಂದು ನಾನು ಹೇಳಿದರೆ ಯಾರು ನಂಬುತ್ತಾರೆ? ಮೈತುಂಬಿದ ಇಂದ್ರವ್ವನನ್ನು ಒಂದರ ಮೇಲೆ, ಕಡ್ಡಿಯಂಥ ನನ್ನನ್ನು ಇನ್ನೊಂದರ ಮೇಲೆ ನಿಲ್ಲಿಸಿ ಒಟ್ಟಿಗೆ ಬಿಟ್ಟು ನೋಡಿದರು. ಇಬ್ಬರೂ ಹೋದದ್ದೂ ಬಂದದ್ದೂ ಒಟ್ಟಿಗೇ. "ಅಂದ್ರ ನಾ ದಪ್ಪ ಆದ್ರೂ ಹಗರಿದ್ದಂಗ," ಎಂದು ಇಂದ್ರವ್ವ ಸೆರಗು ಕೊಡವಿದಳು. ಬಹಳ ಎತ್ತರಕ್ಕೆ ಹೋದರೆ ಹೊತ್ತು ಹಿಗ್ಗುತ್ತದೆ, ತೊಲೆ ಮುಟ್ಟುವ ಹುಚ್ಚು ಯಾರಿಗೂ ಬೇಡ ಎಂದು ಎಚ್ಚರಿಸಿ ನಾನು ಕೆಳಗೆ ಕೆಲಸಕ್ಕೆ ಓಡಿದೆ.

ಮಧ್ಯಾಹ್ನ ಮೇಲೆ ಜೀಕಲು ಶುರು ಮಾಡಿದರು. ನಿಯಂತ್ರಣ ಕೊಠಡಿಯಲ್ಲಿ ನಾನು ಪರದೆಗೆ ಮೂಗು ತಾಗಿಸಿ ಕೂತೆ. ಹಸಿರು ಗೆರೆ ಅಲುಗದೆ ಮಲಗಿತ್ತು. ಹೊತ್ತು ಕಳೆಯಿತು, ಗೆರೆ ಏಳಲಿಲ್ಲ. ಫೋನು ಮಾಡಿ ಕೇಳಿದರೆ, ಎಲ್ಲರೂ ಬೆವರು ಸುರಿಸಿ ಜೀಕುತ್ತಿದ್ದೇವೆ, ಮೈಕೈ ಸೋತು ಬಂತು ಎಂದರು. ನನ್ನ ಲೆಕ್ಕವೇ ತಪ್ಪಿತೇ? ಎಣ್ಣೆ ಇದೆಯೇ? ಹಾಗಿದ್ದರೆ ಅತ್ತೆಯ ತಲೆ ತಿರುಗುವುದು ನಿಜವಾಗಿಯೂ ಮನಸ್ಸಿನದೇ? ತಲೆನೋವೆಂದು ಹೇಳಿ ಮೇಲೆ ಹೋದೆ.

ಹಜಾರದ ಬಾಗಿಲಲ್ಲಿ ನಿಂತು ನೋಡಿದವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಸಾಲಿನಲ್ಲಿ ಮನೆಮಗಳಂದಿರು, ಇನ್ನೊಂದು ಸಾಲಿನಲ್ಲಿ ಸೊಸೆಯಂದಿರು. ಹುಣಸಿದಿನ್ನಿಯ ಪದ್ಧತಿಯೇ ಹಾಗೆ. ಪಂಚಮಿಯಲ್ಲಿ ಮಗಳ ಜೋಕಾಲಿ ಮುಂದೆ ಹೋದರೆ ಸೊಸೆಯ ಜೋಕಾಲಿ ಹಿಂದೆ ಹೋಗಬೇಕು, ನಡುವೆ ಹಾಯುವಾಗ ಒಬ್ಬರನ್ನೊಬ್ಬರು ಹಂಗಿಸಬೇಕು. "ತವರಿಗಿ ಬಂದು ತಾಟು ನೆಕ್ಕೀರಿ" ಎಂದು ಸೊಸೆಯಂದಿರು, "ಬಂದ ಮನಿಯಾಗ ಬೀಗ ಹಿಡದೀರಿ" ಎಂದು ಮಗಳಂದಿರು. ಅರ್ಧ ಜನ ತೊಲೆಗಳನ್ನು ಮೂಡಣಕ್ಕೆ ಎಳೆಯುವಾಗ ಉಳಿದರ್ಧ ಪಡುವಣಕ್ಕೆ ಎಳೆಯುತ್ತಿದ್ದರು. ಗೋಪುರ ಪಾಪ ಏನು ಮಾಡಬೇಕು?

"ಎಲ್ಲಾರೂ ಒಂದ ಕಡೆ ಹೋಗ್ಬೇಕ್ರವಾ!" ಎಂದು ಕೂಗಿದೆ.

ಹಗ್ಗಗಳು ನಿಂತವು. ಇಂದ್ರವ್ವ ಮಣೆಯಿಂದ ಜಿಗಿದಳು. "ಅದೆಂಗ ವೈನಿ? ಸೊಸ್ಯಾರ ಹಿಂದ ಹಿಂದ ನಾವು ಹೋಗೂದ? ಊರು ಹೋತಂತ ರೀತೀನೂ ಹೋಗ್ಬೇಕೇನು?"

"ನಾವೇನು ನಿಮ್ಮ ಹಿಂದ ಬರಾಕ ಕುಂತೀವೇನು?" ಎಂದಿತು ಸೊಸೆಯರ ಸಾಲು.

ಜಗಳ ಹೊತ್ತಿಕೊಂಡಿತು. ನಾನು ಎರಡೂ ಎಳೆತ ಒಂದನ್ನೊಂದು ಕೊಲ್ಲುತ್ತವೆ ಎಂದು ವಿವರಿಸುತ್ತಿದ್ದೆ, ನನ್ನ ಭೌತಶಾಸ್ತ್ರ ಯಾರಿಗೂ ಬೇಕಿರಲಿಲ್ಲ. ಆಗ ಕಂಬದ ಬುಡದಲ್ಲಿ ಚಾಪೆಯ ಮೇಲೆ ಮಲಗಿದ್ದ ಅತ್ತೆ ಎದ್ದು ಕೂತಳು. ಒಂದು ಕೈಯಲ್ಲಿ ಕಂಬ ಹಿಡಿದಿದ್ದಳು.

"ಇಂದ್ರವ್ವಾ, ಬಾ ಇಲ್ಲೆ. ನಾಳೆ ನನ್ನ ಷೆಡ್ಡಿಗಿ ಒಯ್ದ್ರ ನಿನಗ ತವರು ಎಲ್ಲೈತಿ? ದಾಕ್ಷಾಣಿಗಿ ಅತ್ತಿ ಎಲ್ಲಿ? ಜಗಳಾ ಆಡಾಕಾರ ಒಂದು ಮನಿ ಉಳೀಬೇಕಲ್ಲ. ಈ ವರ್ಷ ಒಂದ ಕಡೆ ಜೀಕ್ರಿ. ಮುಂದಿನ ವರ್ಷ ಬೇಕಾದ್ರ ಹಗ್ಗ ಹರಕೊಂಡು ಬಡದಾಡ್ರಿ."

ಇಂದ್ರವ್ವ ಮೂತಿ ಉಬ್ಬಿಸಿದಳು. ಕೊನೆಗೆ ಮೊದಲ ಜೀಕು ಮಗಳಂದಿರದೇ ಆಗಬೇಕೆಂಬ ಷರತ್ತಿನ ಮೇಲೆ ಒಪ್ಪಿದಳು. ತಾಳ ತಪ್ಪದಂತೆ ಅತ್ತೆ ಚಪ್ಪಾಳೆ ತಟ್ಟುವುದೆಂದಾಯಿತು. ಸ್ವಲ್ಪ ಹೊತ್ತು ಒಂದೇ ಕಡೆಗೆ ಜೀಕಿದರು. ಕಂಬದ ಪಕ್ಕದಲ್ಲಿಟ್ಟಿದ್ದ ನೀರಿನ ಕೊಡದಲ್ಲಿ ನೀರು ಅಂಚಿನಿಂದ ಅಂಚಿಗೆ ಓಡಾಡತೊಡಗಿತು. ನಾನು ತಕ್ಷಣ ನಿಲ್ಲಿಸಿದೆ. ಗುಟ್ಟು ಬಿಟ್ಟುಕೊಡುವಂತಿರಲಿಲ್ಲ.

ಸಂಜೆಗೆ ಕಾವಲುಗಾರನೊಬ್ಬ ಕಟ್ಟಿಮನಿಯವರ ಆದೇಶ ತಂದ. ಹಜಾರದಲ್ಲಿ ಜೋಕಾಲಿ ಕಟ್ಟುವುದು ಬೆಂಕಿ ನಿಯಮಕ್ಕೆ ವಿರುದ್ಧ, ಕೂಡಲೇ ಬಿಚ್ಚಬೇಕು. ಅತ್ತೆ ಆ ಕಾಗದವನ್ನು ಇಸಿದುಕೊಂಡು ಚಾಪೆಯ ಮೇಲಿಟ್ಟು ಅದರ ಮೇಲೆ ಕೂತಳು. ಅವಳನ್ನು ಎಬ್ಬಿಸುವ ಧೈರ್ಯ ಅವನಿಗೆ ಬರಲಿಲ್ಲ.

ಪಂಚಮಿಯ ದಿನ ಬಯಲಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ತಪಾಸಣಾಧಿಕಾರಿ ನಝೀರಾ ಮುಲ್ಲಾ ಕಡಿಮೆ ಮಾತಿನ ಹೆಂಗಸು. ತನ್ನ ಅಳತೆಯ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ತಾನೇ ಹೊತ್ತುಕೊಂಡು ಮೇಲೆ ಬಂದಳು. ಅವಳಿಗೆ ನೆರವಾಗಲು ನನ್ನನ್ನು ಕಳಿಸಿದ್ದರು. ಹಜಾರ ತೆರೆದಿರುವುದರಿಂದ ಅಳತೆಯೆಲ್ಲ ಅಲ್ಲಿಯೇ. ಲಿಫ್ಟಿನಿಂದ ಹೊರಬಂದ ಕಟ್ಟಿಮನಿಯವರಿಗೆ ಸಾಲುಸಾಲು ಜೋಕಾಲಿಗಳೂ ಹಸಿರು ಬಳೆ, ಇಳಕಲ್ ಸೀರೆಯ ಹೆಂಗಸರೂ ಕಂಡರು.

"ಇದೇನ್ರಿ ಇದು? ನಿನ್ನೇನ ಬಿಚ್ಚಾಕ ಹೇಳಿದ್ನಿ. ಮೇಡಂ, ತಪ್ಪು ತಿಳೀಬ್ಯಾಡ್ರಿ, ಈಗ ತಗಸ್ತೀನಿ."

ಅತ್ತೆ ಕೂತಲ್ಲಿಂದಲೇ ಕೈ ಮುಗಿದಳು. "ಸಾಹೇಬ್ರ, ಒಂದು ಮಾತು ಕೇಳ್ತೀನಿ. ನಿಮ್ಮ ಗೋಪುರ ಹೆಂಗಸರು ಜೋಕಾಲಿ ಆಡಿದ್ರ ಅಲಗಾಡ್ತದೇನ್ರಿ?"

ಮುಲ್ಲಾ ಮೇಡಂ ಪೆಟ್ಟಿಗೆಯಿಂದ ತಲೆಯೆತ್ತಿ ಕಟ್ಟಿಮನಿಯವರ ಮುಖ ನೋಡಿದಳು. ಅವರು ಏನು ಹೇಳಲು ಸಾಧ್ಯ?

"ಛೇ ಛೇ, ಎಲ್ಲಿ ಮಾತು. ಎಣ್ಣಿ ಕೈ ಎಲ್ಲಾ ಸರಿಯಾಗಿ ಹಿಡದಾವು."

"ಹಂಗಾರ ಅಂಜಿಕಿ ಯಾಕ್ರಿ? ವರ್ಷದ ಹಬ್ಬ. ಆಡ್ಲಿ ಬಿಡ್ರಿ."

"ಆಡ್ಲಿ," ಎಂದಳು ಮುಲ್ಲಾ ಮೇಡಂ. "ನನ್ನ ಅಳತಿಗೇನೂ ಅಡ್ಡಿಲ್ಲ."

ಅತ್ತೆ ಚಪ್ಪಾಳೆ ತಟ್ಟಿದಳು. ಮಗಳಂದಿರು ಮೊದಲ ಜೀಕು ಕೊಟ್ಟರು, ಮರುಕ್ಷಣ ಸೊಸೆಯಂದಿರು ಸೇರಿಕೊಂಡರು. ಸೀರೆಯ ಸೆರಗುಗಳೆಲ್ಲ ಒಟ್ಟಿಗೆ ಬಯಲಿನ ಕಡೆ ಹೋದವು, ಒಟ್ಟಿಗೆ ಮರಳಿದವು. ಆಗುವುದಾದರೆ ಈಗ ಆಗಬೇಕು, ಇಲ್ಲವಾದರೆ ಅತ್ತೆ ಷೆಡ್ಡಿಗೆ. ನಾನು ಪೆಟ್ಟಿಗೆಯ ಮುಳ್ಳನ್ನೇ ನೋಡಿದೆ. ಮುಳ್ಳು ಸತ್ತಂತೆ ಬಿದ್ದಿತ್ತು. ಚಪ್ಪಾಳೆ ಬಿಡದೆ ಬೀಳುತ್ತಿತ್ತು. ಮುಳ್ಳು ಒಂದಿಷ್ಟು ಮಿಸುಕಿತು. ಹಿಂದೆ ಸರಿಯಿತು. ಮುಂದೆ ಸ್ವಲ್ಪ ಹೆಚ್ಚು ಹೋಯಿತು.

ಆಮೇಲೆ ನನ್ನ ಪಾದಕ್ಕೇ ಗೊತ್ತಾಯಿತು. ಅತ್ತೆಗೆ ವರ್ಷವಿಡೀ ಗೊತ್ತಿದ್ದ ಆ ನಿಧಾನದ, ಹೊಟ್ಟೆ ತೊಳಸುವ ತೂಗು. ಮುಲ್ಲಾ ಮೇಡಂ ಪೆಟ್ಟಿಗೆ ಇಟ್ಟಿದ್ದ ಮೇಜಿನ ಅಂಚು ಹಿಡಿದುಕೊಂಡಳು. ಕಟ್ಟಿಮನಿಯವರು ನೆಲ ನೋಡಿದರು, ಚಾವಣಿ ನೋಡಿದರು. ಇಂದ್ರವ್ವ ಹಾಯುವಾಗೊಮ್ಮೆ, "ಜೀಕ್ರವಾ, ಹುಣಸಿದಿನ್ನ್ಯಾರಾ!" ಎಂದು ಕೂಗಿದಳು. ಮುಳ್ಳು ಕೆಂಪು ಗೆರೆ ದಾಟಿತು.

ಅತ್ತೆ ಕೈ ಎತ್ತಿದಳು. ಎಲ್ಲರೂ ಜೀಕು ಬಿಟ್ಟು, ಕಾಲು ನೆಲಕ್ಕೆ ಒತ್ತಿ, ಮಣೆಗಳನ್ನು ಎದೆಗವಚಿ ನಿಂತರು. ಹಗ್ಗಗಳು ನಿಂತವು. ಗೋಪುರ ನಿಲ್ಲಲಿಲ್ಲ. ತೂಗುತ್ತಲೇ ಇತ್ತು. ನಿಧಾನವಾಗಿ ಕಡಿಮೆಯಾಗುತ್ತ ಬಂದು ಕೊನೆಗೆ ಮುಳ್ಳು ನಡುವಿಗೆ ಬಂತು. ಕಟ್ಟಿಮನಿಯವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು.

"ನಿಂತೈತಿ ನೋಡ್ರಿ ಮೇಡಂ. ಇಷ್ಟು ಮಂದಿ ಕುಣದ್ರ ಯಾವ ಮನಿ ಅಲಗಾಡೂದಿಲ್ಲ? ಇದನ್ನ ಲೆಕ್ಕಕ್ಕ ಹಿಡೀಬಾರ್ದು."

ನಾನು ಮುಳ್ಳಿನ ಕಡೆ ಬೆರಳು ತೋರಿಸಿದೆ. ಮುಳ್ಳು ಮತ್ತೆ ಮಿಸುಕಿತು. ಪಾದದಡಿಯಲ್ಲಿ ಅದೇ ತೂಗು ಮತ್ತೆ ಎದ್ದಿತು, ಬೆಳೆಯಿತು. ಹೆಂಗಸರು ಕಲ್ಲಿನ ಹಾಗೆ ನಿಂತಿದ್ದರು, ಹೊರಗೆ ಗಾಳಿ ಇರಲಿಲ್ಲ, ಗೋಪುರ ಮಾತ್ರ ತಾನಾಗಿ ತೂಗುತ್ತಿತ್ತು.

"ಈಗ ಯಾರು ಜೀಕಾಕತ್ತಾರ್ರಿ?" ಎಂದು ಮುಲ್ಲಾ ಮೇಡಂ ಕೇಳಿದಳು.

ನಾನು ಹೇಳಿದೆ. "ಗುಂಡ್ರಿ ಮೇಡಂ. ನಾವು ಕೊಟ್ಟದ್ದನ್ನ ತಗೊಂಡಿತ್ತು, ಈಗ ವಾಪಸ್ ಕೊಡಾಕತ್ತೈತಿ. ಎಣ್ಣಿ ಇದ್ದಿದ್ರ ಅಲ್ಲೇ ನುಂಗ್ತಿತ್ತು."

ಮೇಡಂ ಪೆಟ್ಟಿಗೆ ಮುಚ್ಚಿದಳು. "ಮಿತಿ ಮೀರೇತಿ. ಗುಂಡಿನ ಕೋಣಿ ಮೊಹರು ಒಡೀರಿ."

ಎಣ್ಣೆಯ ಕೈಗಳು ಒಣಗಿ, ಒಳಗೆ ಜೇಡ ಬಲೆ ಕಟ್ಟಿತ್ತು. ಬಸಿದ ಎಣ್ಣೆಯ ಪೀಪಾಯಿಗಳು ನೆಲಮಾಳಿಗೆಯಲ್ಲಿ, ನಾನು ಕೂರುವ ಕೊಠಡಿಯ ಗೋಡೆಯಾಚೆಯೇ ಇದ್ದವು. ಅವನ್ನು ಮೇಲಕ್ಕೆ ಸಾಗಿಸಿ ಕೈಗಳನ್ನು ತುಂಬಿಸುವ ತನಕ ಮುಲ್ಲಾ ಮೇಡಂ ಕದಲಲಿಲ್ಲ. ನಮ್ಮ ಹೆಂಗಸರು ಆಕೆಗೆ ಅಳ್ಳು, ಉಂಡಿ ತಿನ್ನಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಆಕೆ ಮತ್ತೆ ಪೆಟ್ಟಿಗೆ ತೆರೆದು, "ಇನ್ನೊಮ್ಮಿ ಜೀಕ್ರವಾ, ನಿಮ್ಮ ಶಕ್ತಿ ಇದ್ದಷ್ಟು," ಎಂದಳು.

ಜೀಕಿದರು. ಬೆಳಗಿಗಿಂತ ಜೋರಾಗಿ ಜೀಕಿದರು. ಹಗ್ಗ ಕಿರುಗುಟ್ಟಿದವು, ಬಳೆ ಒಡೆದವು, ಇಂದ್ರವ್ವನ ಮುಡಿ ಬಿಚ್ಚಿಹೋಯಿತು. ಕೊಡದ ನೀರು ಕನ್ನಡಿಯಂತೆ ನಿಂತಿತ್ತು. ಮುಳ್ಳು ಏಳಲೇ ಇಲ್ಲ. ಏದುಸಿರು ಬಿಡುತ್ತ ಮಣೆಯಿಂದ ಇಳಿದ ಹೆಂಗಸರು, ಗೋಪುರವನ್ನು ಅಲುಗಿಸಲಾಗದ ತಮ್ಮ ಸೋಲಿಗೆ ತಾವೇ ಕೇಕೆ ಹಾಕಿ ಕುಣಿದರು. ನನಗೆ ಅಳು ತಡೆಯಲಾಗಲಿಲ್ಲ.

ಮುಲ್ಲಾ ಮೇಡಂ ನನ್ನ ಅತ್ತೆಯ ಮುಂದೆ ಕುಕ್ಕರಿಸಿ ಕೂತಳು. "ಯವ್ವಾ, ಎತ್ತರ ಒಗ್ಗದ್ದು ನಿಮಗಲ್ಲ. ನೀವು ಎಲ್ಲೂ ಹೋಗೂದು ಬ್ಯಾಡ. ಷೆಡ್ಡಿಗಿ ಹೋದವ್ರೂ ತಿರುಗಿ ಬರ್ತಾರ."

ಕಟ್ಟಿಮನಿಯವರು ಲಿಫ್ಟಿನ ಬಾಗಿಲಲ್ಲಿ ನಿಂತು ಕೊನೆಯ ಪಟ್ಟು ಹಾಕಿದರು. "ಬೆಂಕಿ ನಿಯಮ ಮುರದೀರಿ. ಜೋಕಾಲಿ ಹತ್ತಿದ ಒಬ್ಬೊಬ್ಬರ ಮ್ಯಾಲೂ ಕೇಸ್ ಹಾಕ್ತೀನಿ, ನೆನಪಿರ್ಲಿ."

ಅತ್ತೆ ಕಂಬ ಹಿಡಿದು ಎದ್ದಳು. ನಾನು ಭುಜ ಕೊಡಲು ಹೋದರೆ ಕೈ ತಳ್ಳಿದಳು. ಗೋಡೆಯ ಆಸರೆಯಿಲ್ಲದೆ ಹಜಾರದ ನಡುವೆ ನಡೆದು ಹೋಗಿ ಒಂದು ಮಣೆಯ ಮೇಲೆ ಹತ್ತಿ ನಿಂತು, ಎರಡೂ ಹಗ್ಗ ಹಿಡಿದಳು.

"ನನ್ನ ಹೆಸರು ಮೊದ್ಲ ಹಾಕ್ರಿ ಸಾಹೇಬ್ರ. ಗುರುಬಸವ್ವ, ಮೂವತ್ತೆಂಟನೇ ಮಹಡಿ. ದಾಕ್ಷಾಣಿ, ನೀ ಎದುರಿಗಿ ನಿಂದ್ರು."

ನಿಂತೆ. ಅವಳು ಮಂಡಿ ಮಡಿಸಿ ಎದ್ದಳು, ನಾನು ಮಂಡಿ ಮಡಿಸಿ ಎದ್ದೆ. ಹಗ್ಗ ಓಲಿತು. ಗೋಪುರ ನೆಲಕ್ಕೆ ಹೂತ ಬಂಡೆಯಂತಿತ್ತು, ನಾವಿಬ್ಬರೇ ಬಯಲಿನ ಕಡೆಗೂ ಹಜಾರದ ಕಡೆಗೂ ಹಾರುತ್ತಿದ್ದೆವು. ಅತ್ತೆಯ ಬಿಳಿಗೂದಲು ಮುಖದ ಮೇಲೆ ಹಾರಾಡುತ್ತಿತ್ತು. ಸಾಕೇನ್ರಿ, ತಲೆ ತಿರುಗುತ್ತದೇನ್ರಿ ಎಂದು ನಾನು ಕೂಗಿ ಕೇಳಿದೆ.

"ತಿರಗಾಕತ್ತೈತಿ!" ಎಂದು ಅವಳು ಬಾಯಿ ತುಂಬ ನಕ್ಕಳು. "ಆದ್ರ ಇದು ನಾನ ತಿರಗಿಸಿದ್ದು. ಜೀಕು!"